ಆಪರೇಟರ್ ಕಾಕಾ ಮತ್ತು ಮಾತು ಬಿಟ್ಟ ಕಂಪ್ಯೂಟರು

ಹಳೆಯ ಆಫೀಸಿನವರ ವಾಟ್ಸಾಪ್ ಗುಂಪಿನಲ್ಲಿ ಹೋದ ತಿಂಗಳು ಆಪರೇಟರ್ ಕಾಕಾ ಅವರ ಫೋಟೊ ಬಂತು. ಕೆಳಗೆ ಕೈ ಮುಗಿದ ಚಿಹ್ನೆಗಳ ಸಾಲು. ಕಾಮೋಠೆಯಲ್ಲಿ ಮಗಳ ಮನೆಯಲ್ಲಿದ್ದರು. ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲವಂತೆ. ಫೋಟೊದಲ್ಲಿ ಅವರ ಮುಖ ಕ್ಯಾಮೆರಾದ ಕಡೆಗಿರಲಿಲ್ಲ, ಪಕ್ಕದಲ್ಲಿ ಯಾರೋ ಮಾತಾಡುತ್ತಿದ್ದ ಕಡೆಗಿತ್ತು. ‘ಇದಕ್ಕಿಂತ ಒಳ್ಳೆಯ ಫೋಟೊ ಸಿಗಲಿಲ್ಲವೆ?’ ಎಂದು ಒಬ್ಬರು ಬರೆದಿದ್ದರು. ನನಗೆ ಸಿಟ್ಟು ಯಾವಾಗಲೂ ಮೂಗಿನ ತುದಿಯಲ್ಲೇ. ‘ಅವರು ಇದ್ದದ್ದೇ ಹೀಗೆ’ ಎಂದು ಬರೆದು ಫೋನು ಕೆಳಗಿಟ್ಟೆ. ಆಮೇಲೆ, ಅಷ್ಟೇ ಬರೆದರೆ ಸಾಲದು ಅನಿಸಿತು.

ಠಾಣೆಯಲ್ಲಿ ನೀರಿನ ಪಂಪು ತಯಾರಿಸುವ ಒಂದು ಕಂಪನಿಯ ಕಚೇರಿಯಲ್ಲಿ ಅವರು ಟೆಲಿಫೋನ್ ಆಪರೇಟರ್ ಆಗಿದ್ದರು. ಎರಡೂ ಕಣ್ಣು ಕಾಣುತ್ತಿರಲಿಲ್ಲ. ಕಾರ್ಕಳದ ಹತ್ತಿರದ ಹಳ್ಳಿಯಲ್ಲಿ ಐದು ವರ್ಷದವರಿದ್ದಾಗ ಬಂದ ಜ್ವರವೊಂದು ಕಣ್ಣನ್ನು ತೆಗೆದುಕೊಂಡು ಹೋಗಿತ್ತು. ಮುಂಬಯಿಯ ಹೋಟೆಲೊಂದರಲ್ಲಿ ಗಲ್ಲೆಯ ಮೇಲೆ ಕೂರುತ್ತಿದ್ದ ಸೋದರಮಾವ ಇಲ್ಲಿಗೆ ಕರೆತಂದು ಅಂಧರ ಶಾಲೆಗೆ ಸೇರಿಸಿದರು. ಅಲ್ಲಿ ಬ್ರೈಲ್ ಕಲಿತು, ಟೆಲಿಫೋನ್ ಬೋರ್ಡಿನ ತರಬೇತಿ ಮುಗಿಸಿ ನಮ್ಮ ಕಂಪನಿಗೆ ಬಂದವರು ಇಪ್ಪತ್ತಾರು ವರ್ಷ ಅದೇ ಕುರ್ಚಿಯಲ್ಲಿ ಕೂತಿದ್ದರು. ಒಳ್ಳೆಯ ಹೆಸರೊಂದಿತ್ತು, ಆದರೆ ಅದನ್ನು ಯಾರೂ ಬಳಸುತ್ತಿರಲಿಲ್ಲ. ಮರಾಠಿಯವರಿಗೂ ನಮ್ಮ ಗದಗಿನ ಕಡೆಯವರಿಗೂ ಕಾಕಾ ಎಂದರೆ ಚಿಕ್ಕಪ್ಪನೇ. ಹಾಗಾಗಿ ನನಗೂ ಅವರು ಆಪರೇಟರ್ ಕಾಕಾ ಆದರು.

ನಾನು ಅಲ್ಲಿ ಕಂಪ್ಯೂಟರು ರಿಪೇರಿಯ ಕೆಲಸಕ್ಕೆ ಕಾಂಟ್ರಾಕ್ಟಿನ ಮೇಲೆ ಸೇರಿದ್ದೆ. ಹುಟ್ಟಿ ಬೆಳೆದದ್ದು ಡೊಂಬಿವಲಿ; ಮನೆಯಲ್ಲಿ ಗದಗಿನ ಕನ್ನಡ, ಬಾಗಿಲು ದಾಟಿದರೆ ಮರಾಠಿ. ಸೇರಿದ ಮೊದಲ ವಾರ ಆಫೀಸಿನ ಫೋನಿನಿಂದ ಅಮ್ಮನ ಜೊತೆ ಒಂದಷ್ಟು ಕೂಗಾಡಿ ಇಟ್ಟೆ. ಇಟ್ಟ ಕೂಡಲೇ ಮತ್ತೆ ರಿಂಗಾಯಿತು.

‘ಗದಗಿನವಳಾ, ಧಾರವಾಡದವಳಾ?’

‘ಯಾರ್ರೀ ಮಾತಾಡೂದು?’

‘ಬೋರ್ಡು. ಬೇಕಂತ ಕೇಳಿದ್ದಲ್ಲ ಮಾರಾಯ್ತಿ, ಲೈನ್ ಕೊಟ್ಟದ್ದು ನಾನೇ ಅಲ್ವಾ? ಡಬ್ಬಿ ಮರೆತು ಹೋಗಿದ್ದಿ ಅಂತ ಹೇಳಿದ್ದಕ್ಕೆ ತಾಯಿಗೆ ಅಷ್ಟು ಬೈಯುದಾ? ನನ್ನ ಹತ್ರ ಎರಡು ಚಪಾತಿ ಹೆಚ್ಚು ಉಂಟು. ಬಾ.’

ಕದ್ದು ಕೇಳಿದ್ದಕ್ಕೆ ನಾಲ್ಕು ಮಾತು ಆಡಿಯೇ ಬರುತ್ತೇನೆಂದು ಹೋದವಳು ಚಪಾತಿ ತಿಂದು ಬಂದೆ. ಅವತ್ತಿನಿಂದ ನನ್ನನ್ನು ಅವರು ಕರೆಯುತ್ತಿದ್ದದ್ದು ‘ಇನ್ನೂರ ಹದಿನಾಲ್ಕು’ ಎಂದು. ಅದು ನನ್ನ ಮೇಜಿನ ಫೋನಿನ ನಂಬರು. ಇಡೀ ಆಫೀಸು ಅವರಿಗೆ ಹೀಗೇ ಗುರುತು. ‘ಇನ್ನೂರ ಮೂರಕ್ಕೆ ಇವತ್ತು ಶೀತ ಆಗಿದೆ’, ‘ನೂರ ಎಂಬತ್ತಕ್ಕೆ ಮನೆಯಲ್ಲಿ ಏನೋ ಕಿರಿಕಿರಿ, ಪಾಪ’ ಎನ್ನುವರು. ಅಷ್ಟು ಗೊತ್ತಿದ್ದರೂ ಒಬ್ಬರ ಮಾತನ್ನು ಇನ್ನೊಬ್ಬರಿಗೆ ಮುಟ್ಟಿಸಿದ್ದನ್ನು ನಾನು ಕಾಣೆ.

ಕಣ್ಣಿಲ್ಲದವರಿಗೆ ಕಿವಿ ಬಹಳ ಚುರುಕು ಎಂದು ಯಾರಾದರೂ ಹೊಗಳಿದರೆ ಅವರಿಗೆ ಆಗುತ್ತಿರಲಿಲ್ಲ. ‘ಎಂತ ಚುರುಕೂ ಇಲ್ಲ. ನಿಮಗೆ ಕೇಳ್ಲಿಕ್ಕೆ ಪುರುಸೊತ್ತಿಲ್ಲ, ಅಷ್ಟೆ’ ಎಂದುಬಿಡುತ್ತಿದ್ದರು. ದೊಡ್ಡವರು ಚಿಕ್ಕವರು ಎಂದು ನೋಡುತ್ತಿರಲಿಲ್ಲ.

ವಿಠ್ಠಲವಾಡಿಯಿಂದ ಠಾಣೆಗೆ ದಿನವೂ ಲೋಕಲಿನಲ್ಲಿ, ಅಂಗವಿಕಲರ ಡಬ್ಬಿಯಲ್ಲಿ ಬರುತ್ತಿದ್ದರು. ಆ ಡಬ್ಬಿಗೆ ಕೈಕಾಲು ಗಟ್ಟಿ ಇರುವವರೂ ನುಗ್ಗುವುದು ಎಲ್ಲರಿಗೂ ಗೊತ್ತು. ಉಳಿದವರು ಜಗಳಕ್ಕೆ ನಿಂತರೆ ಇವರು ಪಕ್ಕದವನ ಭುಜ ಮುಟ್ಟಿ ಬಹಳ ಕನಿಕರದಿಂದ, ‘ಆಪ್ ಕೋ ಕ್ಯಾ ತಕ್ಲೀಫ್ ಹೈ, ಭಾಯ್?’ ಎಂದು ಕೇಳುತ್ತಿದ್ದರಂತೆ. ನಿನಗೇನು ಕಷ್ಟವಪ್ಪಾ ಎಂದು ಅಷ್ಟು ಅಂತಃಕರಣದಿಂದ ಕೇಳಿದರೆ ಏನು ಹೇಳಲಿಕ್ಕಾಗುತ್ತದೆ? ಒಬ್ಬ ಉತ್ತರ ಹುಡುಕುತ್ತಾ ಮುಂದಿನ ಸ್ಟೇಷನ್ನಿನಲ್ಲೇ ಇಳಿದುಹೋದನಂತೆ. ಇದನ್ನು ಹೇಳಿ ಅವರು ಬಹಳ ಹೊತ್ತು ನಗುತ್ತಿದ್ದರು.

ಈ ನಗುವಿಗೆ ಕುತ್ತು ಬಂದದ್ದು ಕಂಪನಿ ಹೊಸ ಫೋನು ವ್ಯವಸ್ಥೆ ತಂದಾಗ. ಹೊರಗಿನಿಂದ ಕರೆ ಮಾಡಿದವರಿಗೆ ಧ್ವನಿಮುದ್ರಿಸಿದ ಹೆಣ್ಣು ದನಿಯೊಂದು ‘ಮಾರಾಟಕ್ಕೆ ಒಂದು ಒತ್ತಿ, ದೂರಿಗೆ ಎರಡು ಒತ್ತಿ’ ಎಂದು ಹೇಳತೊಡಗಿತು. ಕಾಕಾ ತಾವೇ ತಮ್ಮ ಮೊಬೈಲಿನಿಂದ ಕರೆ ಮಾಡಿ ಅವಳನ್ನು ಮೂರು ಸಲ ಕೇಳಿದರು. ‘ಪಾಪ, ಉಸಿರೇ ತಗೊಳ್ಳುದಿಲ್ಲ ಅವಳು’ ಅಂದರು. ತಮ್ಮ ನೌಕರಿ ಕಸಿದುಕೊಂಡವಳ ಮೇಲೂ ಪಾಪ ಎನ್ನುವ ಮನುಷ್ಯ.

ಆಪರೇಟರ್ ಹುದ್ದೆ ರದ್ದಾಯಿತು. ನಿವೃತ್ತಿಗೆ ಇನ್ನೂ ಎಂಟು ವರ್ಷ ಇತ್ತು; ಮಗಳು ಹನ್ನೆರಡನೇ ಕ್ಲಾಸಿನಲ್ಲಿದ್ದಳು; ಮನೆಯಲ್ಲಿ ದುಡಿಯುವವರು ಇವರೊಬ್ಬರೇ. ಆಡಳಿತ ವಿಭಾಗದ ಮುಖ್ಯಸ್ಥರನ್ನು ನಾವು ಅಡ್ಮಿನ್ ಸಾಹೇಬರು ಎನ್ನುತ್ತಿದ್ದೆವು. ಕೆಟ್ಟವರಲ್ಲ. ಸ್ವಯಂನಿವೃತ್ತಿಯ ಅರ್ಜಿ ಮುಂದಿಟ್ಟು, ‘ಕಾಕಾ, ಬಹುತ್ ಹೋ ಗಯಾ. ಅಬ್ ಆರಾಮ್ ಕರೋ’ ಎಂದರು; ದುಡಿದದ್ದು ಸಾಕು, ಇನ್ನು ವಿಶ್ರಾಂತಿ ತಗೊಳ್ಳಿ ಎಂದು. ಕಾಕಾ, ‘ಸಾಹೇಬ್, ಆರಾಮ್ ಕೇ ಲಿಯೇ ರಾತ್ ಹೈ ನಾ’ ಎಂದರಂತೆ, ವಿಶ್ರಾಂತಿಗೆ ರಾತ್ರಿ ಇದೆಯಲ್ಲ ಎಂದು. ಗಿರಾಕಿಗಳ ದೂರುಗಳನ್ನು ಕಂಪ್ಯೂಟರಿನಲ್ಲಿ ದಾಖಲಿಸುವ ಮೇಜಿನಲ್ಲಿ ಒಂದು ಜಾಗ ಖಾಲಿ ಇತ್ತು. ಅದನ್ನು ಕೊಡಿ ಎಂದು ಕೇಳಿದರು. ಸಾಹೇಬರಿಗೆ ನಂಬಿಕೆಯಿರಲಿಲ್ಲ. ಕೊನೆಗೆ ಮೂರು ವಾರದ ಗಡುವು ಕೊಟ್ಟು, ಒಂದು ಸೋಮವಾರ ಹತ್ತು ಗಂಟೆಗೆ ತಮ್ಮೆದುರು ಕೆಲಸ ಮಾಡಿ ತೋರಿಸಬೇಕೆಂದರು. ತೋರಿಸಲಾಗದಿದ್ದರೆ ಅರ್ಜಿಗೆ ಸಹಿ.

ಕುರುಡರು ಕಂಪ್ಯೂಟರು ಬಳಸುವುದು ಕಿವಿಯಿಂದ. ಪರದೆಯ ಮೇಲೆ ಬರುವುದನ್ನೆಲ್ಲ ಒಂದು ತಂತ್ರಾಂಶ ಗಟ್ಟಿಯಾಗಿ ಓದಿ ಹೇಳುತ್ತದೆ. ದುಡ್ಡು ಕೊಟ್ಟು ಕೊಳ್ಳುವಂಥದ್ದನ್ನು ಒಬ್ಬರಿಗಾಗಿ ತರಿಸುವುದಿಲ್ಲ ಎಂದು ಕಂಪನಿ ಮೊದಲೇ ಹೇಳಿತ್ತು. ಕಾಕಾ ನನ್ನ ಮೇಜಿಗೆ ಬಂದರು.

‘ಲಿನಕ್ಸಲ್ಲಿ ಓದಿ ಹೇಳುದು ಪುಕ್ಕಟೆ ಉಂಟಂತೆ. ಗೊತ್ತುಂಟಾ ನಿನಗೆ?’

‘ಲಿನಕ್ಸ್ ಗೊತ್ತೈತ್ರಿ ಕಾಕಾ. ಸರ್ವರಿನ್ಯಾಗ ದಿನಾ ಅದನ್ನೇ ನೋಡ್ತೀನಿ. ಆದ್ರ ಅದು ಮಾತಾಡೂದು ನಾ ಕೇಳಿಲ್ಲ.’

‘ಹಾಗಾದ್ರೆ ಇಬ್ಬರೂ ಒಟ್ಟಿಗೆ ಕೇಳುವ.’

ನನಗೆ ಇದೆಲ್ಲ ಎರಡು ದಿನದ ಕೆಲಸ ಅನಿಸಿತ್ತು. ಸ್ಟೋರಿನಿಂದ ಒಂದು ಹಳೆಯ ಕಂಪ್ಯೂಟರು ಸಿಕ್ಕಿತು, ಲಿನಕ್ಸ್ ಹಾಕಿದೆ, ಚೆನ್ನಾಗಿ ನಡೆಯಿತು. ಆದರೆ ಸ್ಪೀಕರು ಸಿಕ್ಕಿಸುವ ತೂತಿಗೆ ನಾಲ್ಕಾರು ಮಳೆಗಾಲದ ತುಕ್ಕು ಹಿಡಿದಿತ್ತು. ಯುಎಸ್‌ಬಿಗೆ ಹಾಕುವ ಚಿಕ್ಕ ಸೌಂಡ್ ಕಾರ್ಡು ಎಲ್ಲ ಅಂಗಡಿಯಲ್ಲೂ ಸಿಗುತ್ತದೆ, ಆದರೆ ಕಂಪನಿಯ ಗುಟ್ಟು ಹೊರಗೆ ಹೋಗಬಾರದೆಂದು ಯುಎಸ್‌ಬಿಯನ್ನೇ ಎಲ್ಲ ಕಡೆ ಬಂದ್ ಮಾಡಿಸಿದ್ದರು. ನೀರು ಎತ್ತುವ ಪಂಪಿನಲ್ಲಿ ಅದೆಂಥ ಗುಟ್ಟೋ, ನನಗೆ ಇವತ್ತಿಗೂ ಗೊತ್ತಿಲ್ಲ.

ಮರುದಿನ ಕಾಕಾ ಬಿಸ್ಕತ್ತಿನ ಡಬ್ಬಿಯೊಂದನ್ನು ತಂದರು. ಒಳಗೆ ಹೆಂಡತಿಯ ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿಟ್ಟ ಒಂದು ಸೌಂಡ್ ಕಾರ್ಡು, ಕಂಪ್ಯೂಟರಿನ ಹೊಟ್ಟೆ ಬಿಚ್ಚಿ ಒಳಗೆ ಸಿಕ್ಕಿಸುವ ಹಳೆಯ ಕಾಲದ್ದು. ಬಹಳ ಹಿಂದೆ, ಮಗಳ ತೊದಲು ಮಾತು ರೆಕಾರ್ಡು ಮಾಡಲಿಕ್ಕೆಂದು ಕೊಂಡದ್ದಂತೆ. ‘ಹಳತು ಅಂತ ಬೇಸರ ಮಾಡ್ಬೇಡ. ನಾನೂ ಹಳತೇ ಅಲ್ವಾ?’ ಅಂದರು. ನಾನು ನಗಲಿಲ್ಲ.

ಕಾರ್ಡನ್ನು ಲಿನಕ್ಸ್ ಕೂಡಲೇ ಗುರುತು ಹಿಡಿಯಿತು. ಪಟ್ಟಿಯಲ್ಲಿ ಹೆಸರು ಬಂತು. ಸದ್ದು ಮಾತ್ರ ಇಲ್ಲ. ನೋಡಿದರೆ ಯಂತ್ರ ಎಲ್ಲ ಸದ್ದನ್ನೂ ತುಕ್ಕು ಹಿಡಿದ ಹಳೆಯ ತೂತಿಗೇ ಕಳಿಸುತ್ತಿತ್ತು. ಅದಕ್ಕೆ ಅದೇ ಮೊದಲನೆಯದು, ಇದು ಎರಡನೆಯದು. ಮೊದಲನೆಯದನ್ನು ಮುಚ್ಚಿಸಿದೆ. ಆಗಲೂ ಇಲ್ಲ. ಆಮೇಲೆ ತಿಳಿಯಿತು, ಇಂಥ ಕಾರ್ಡುಗಳಿಗೆ ಮಿಕ್ಸರ್ ಎಂಬ ಪರದೆಯೊಂದಿದೆ. ಅದರಲ್ಲಿ ಸಾಲಾಗಿ ನಲವತ್ತು ಕಂಬ, ಒಂದೊಂದಕ್ಕೂ ತೆರೆಯುವ ಮುಚ್ಚುವ ಸ್ವಿಚ್ಚು. ಮೊದಲು ಎಲ್ಲ ಮುಚ್ಚಿಯೇ ಇರುತ್ತವೆ. ಸಿಕ್ಕಿತು ರೋಗ ಎಂದುಕೊಂಡು ನಲವತ್ತನ್ನೂ ತೆರೆದು, ನಲವತ್ತನ್ನೂ ತುದಿಯವರೆಗೆ ಏರಿಸಿ, ಸೇವ್ ಮಾಡಿಟ್ಟೆ. ಚಾಳಿನ ನಲ್ಲಿಗಳನ್ನೆಲ್ಲ ಒಟ್ಟಿಗೆ ತಿರುಗಿಸಿಟ್ಟ ಹಾಗೆ. ಹನಿ ಸದ್ದೂ ಬರಲಿಲ್ಲ.

ಹೀಗೆ ಹತ್ತು ದಿನ ಹೋಯಿತು. ಊಟದ ಹೊತ್ತಿನಲ್ಲಿ ಬರುತ್ತಿದ್ದೆ, ಆಫೀಸು ಬಿಟ್ಟ ಮೇಲೆ ಒಂದು ಗಂಟೆ ಕೂರುತ್ತಿದ್ದೆ. ವಯರು ಬದಲಿಸಿದೆ, ಸ್ಪೀಕರು ಬದಲಿಸಿದೆ, ಲಿನಕ್ಸನ್ನೇ ಎರಡು ಸಲ ಅಳಿಸಿ ಹಾಕಿ ನಲವತ್ತನ್ನೂ ಮತ್ತೆ ತೆರೆದು ಸೇವ್ ಮಾಡಿದೆ. ಕಾಕಾ ಪಕ್ಕದ ಸ್ಟೂಲಿನ ಮೇಲೆ ಕೂತು ಸುಮ್ಮನೆ ಕೇಳುತ್ತಿದ್ದರು. ಸೋಮವಾರಕ್ಕೆ ನಾಲ್ಕೇ ದಿನ ಉಳಿದಾಗ ನನ್ನ ತಾಳ್ಮೆ ಕೆಟ್ಟಿತು.

‘ಇದು ಸತ್ತೈತ್ರಿ ಕಾಕಾ. ಕಸದ ಡಬ್ಬಿಗೆ ಹಾಕೂದು ಛಲೋ.’

ಅವರು ಸ್ಪೀಕರಿನ ಮೇಲೆ ಕೈಯಿಟ್ಟರು. ಆಮೇಲೆ, ‘ಸತ್ತದ್ದು ಟಕ್ ಅಂತದಾ?’ ಎಂದು ಕೇಳಿದರು.

‘ಯಾವ ಟಕ್?’

‘ನೀನು ಮೆಶಿನ್ ಚಾಲೂ ಮಾಡುವಾಗ ಸ್ಪೀಕರಲ್ಲಿ ಎರಡು ಸಲ ಟಕ್ ಅಂತದೆ. ಒಂದು ಕರೆಂಟಿಂದು. ಇನ್ನೊಂದು ಸ್ವಲ್ಪ ಹೊತ್ತು ಬಿಟ್ಟು, ಅದು ಕಾರ್ಡಿಂದು. ಹತ್ತು ದಿನದಿಂದ ಕೇಳ್ತಾ ಇದ್ದೇನೆ. ಜೀವ ಉಂಟು ಅದಕ್ಕೆ.’

‘ಅದನ್ನ ಮೊದಲ ಹೇಳಬಾರದೇನ್ರಿ?’

‘ನೀನು ಬಿಡ್ಬೇಕಲ್ಲ ಹೇಳ್ಲಿಕ್ಕೆ. ಬರ್ತಿ, ಬೈತಿ, ಹೋಗ್ತಿ.’

ನನಗೆ ಇನ್ನಷ್ಟು ಸಿಟ್ಟು ಬಂತು, ಯಾಕೆಂದರೆ ಮಾತು ನಿಜವಾಗಿತ್ತು.

‘ಬೋರ್ಡಲ್ಲಿ ಒಂದು ಲೈನ್ ಹೋದ್ರೆ ನಾವು ಎಲ್ಲ ವಯರ್ ಎಳೆದಾಡುದಿಲ್ಲ’ ಅಂದರು ಕಾಕಾ. ‘ಒಂದೊಂದೇ ಲೈನಿಗೆ ಕಿವಿ ಇಟ್ಟು ನೋಡುದು. ನೀನು ಒಟ್ರಾಶಿ ಎಲ್ಲ ತೆಗ್ದಿಟ್ಟಿದ್ದಿ. ಈಗ ಒಂದೊಂದೇ ಮುಚ್ಚು, ಮತ್ತೆ ತೆಗಿ. ಹೆಸರು ಹೇಳ್ತಾ ಹೋಗು. ನಾನು ಕೇಳ್ತೇನೆ.’

ಸದ್ದಿನ ಪರೀಕ್ಷೆಗೆಂದು ಲಿನಕ್ಸಿನಲ್ಲೊಂದು ಆಜ್ಞೆಯಿದೆ. ಕೊಟ್ಟರೆ ಹೆಂಗಸೊಬ್ಬಳ ದನಿ ‘ಫ್ರಂಟ್ ಲೆಫ್ಟ್, ಫ್ರಂಟ್ ರೈಟ್’ ಎಂದು ಹೇಳುತ್ತಲೇ ಇರುತ್ತದೆ. ಅದನ್ನು ಓಡಬಿಟ್ಟೆ. ಕಾಕಾ ಇಯರ್‌ಫೋನು ಹಾಕಿಕೊಂಡರು. ನಾನು ಒಂದೊಂದು ಕಂಬದ ಹೆಸರು ಓದುತ್ತಾ ಮುಚ್ಚಿ ತೆರೆಯುತ್ತಾ ಹೋದೆ. ಅವರು ಮೇಜಿನ ಅಂಚಿನ ಮೇಲೆ ಬೆರಳಿಟ್ಟು, ಚೆನ್ನೆಮಣೆಯಲ್ಲಿ ಕಾಳು ಹಾಕುವವರಂತೆ, ಒಂದನೇ ಮನೆ, ಎರಡನೇ ಮನೆ ಎಂದು ಎಣಿಸುತ್ತಿದ್ದರು. ಇಪ್ಪತ್ತು ಮನೆ ದಾಟಿದಾಗ ನನಗೆ ಆಕಳಿಕೆ ಬಂತು. ಇಪ್ಪತ್ತೇಳನೆಯದನ್ನು ಮುಚ್ಚಿದೆ. ತೆರೆಯಬೇಕು ಅನ್ನುವಷ್ಟರಲ್ಲಿ ಅವರ ಕೈ ಮೇಲೆದ್ದಿತು.

‘ಹ್ಞಾಂ! ಈಗ ಎಂತ ಮಾಡಿದಿ?’

‘ಮುಚ್ಚೀನ್ರಿ. ಈಗ ತೆಗಿತೀನಿ.’

‘ಮುಟ್ಬೇಡ! ಮುಟ್ಬೇಡ ಮಾರಾಯ್ತಿ! ಒಬ್ಬಳು ಬಂದ್ಳು.’

‘ಯಾರ್ರಿ?’

‘ಫ್ರಂಟ್ ಲೆಫ್ಟ್ ಅಂತಾ ಇದ್ದಾಳೆ!’

ಆ ಸ್ವಿಚ್ಚು ತೆರೆದಿದ್ದರೆ ಕಾರ್ಡು ತನ್ನ ಸದ್ದನ್ನೆಲ್ಲ ಬೇರೆ ಜಾತಿಯ ಯಂತ್ರಕ್ಕೆ ಬೇಕಾಗುವ ಡಿಜಿಟಲ್ ಸಂಕೇತವಾಗಿ ಕಳಿಸುತ್ತದೆ. ಸಾದಾ ಸ್ಪೀಕರಿಗೆ ಅದು ತಿಳಿಯುವುದಿಲ್ಲ. ಮುಚ್ಚಿದರೆ ಮಾತ್ರ ಅದು ಮಾತಾಡುವುದು. ನಲವತ್ತರಲ್ಲಿ ಮುಚ್ಚಬೇಕಾದ ಒಂದೇ ಒಂದನ್ನು ನಾನೇ ಮುತುವರ್ಜಿಯಿಂದ ತೆರೆದು, ಸೇವ್ ಬೇರೆ ಮಾಡಿದ್ದೆ. ಆತುರಗಾರನಿಗೆ ಬುದ್ಧಿ ಮಟ್ಟ ಎಂದು ಅಮ್ಮ ಸುಮ್ಮನೆ ಹೇಳುತ್ತಿರಲಿಲ್ಲ.

ಮರುದಿನದಿಂದ ಓದಿ ಹೇಳುವ ದನಿ ಚಾಲೂ ಆಯಿತು. ಕಾಕಾ ಅದರ ವೇಗವನ್ನು ಎಷ್ಟು ಏರಿಸಿದರೆಂದರೆ ನನಗೆ ಒಂದು ಪದವೂ ಹಿಡಿಯಲಾಗಲಿಲ್ಲ. ಅವರು ಆರಾಮಾಗಿ ತಲೆಯಾಡಿಸುತ್ತಾ ಟೈಪು ಮಾಡಿದರು. ನಾನು ಏನಾದರೂ ಸರಿಮಾಡಲು ಕೀಬೋರ್ಡಿಗೆ ಕೈ ಹಾಕಿದರೆ ಕೈಯನ್ನು ಮೆಲ್ಲಗೆ ಸರಿಸುವರು. ‘ನೀನು ಮಾಡಿ ಕೊಡ್ಬೇಡ, ಹೇಳಿ ಕೊಡು’ ಎನ್ನುವರು. ಮಿಕ್ಸರ್ ತೆರೆಯುವ ಆಜ್ಞೆ, ಇಪ್ಪತ್ತೇಳನೇ ಮನೆಗೆ ಬಲಬಾಣದ ಕೀಲಿ ಎಷ್ಟು ಸಲ, ಮುಚ್ಚಲಿಕ್ಕೆ ಯಾವ ಅಕ್ಷರ, ಎಲ್ಲವನ್ನೂ ಕೇಳಿ ಬ್ರೈಲ್‌ನಲ್ಲಿ ಒಂದು ರಟ್ಟಿನ ಮೇಲೆ ಚುಚ್ಚಿಕೊಂಡರು.

‘ಇದನ್ಯಾಕ ಕಲೀತೀರಿ? ಒಮ್ಮೆ ಸರಿ ಆದ್ರ ಆಗಿಹೋತಲ್ರಿ.’

‘ಇರ್ಲಿ. ನನಗೆ ಬೇರೆಂತ ಕೆಲಸ ಉಂಟು?’

ಆ ಶನಿವಾರ ನಾನು ಏನೋ ಡೌನ್‌ಲೋಡಿಗೆ ಹಚ್ಚಿ, ಯಂತ್ರವನ್ನು ಹಾಗೇ ಚಾಲೂ ಬಿಟ್ಟು ಮನೆಗೆ ಹೋದೆ. ಮರುದಿನ ರಜೆ ಎಂದು, ಶನಿವಾರ ಮಾತ್ರ ಎಲ್ಲರೂ ಹೋದ ಮೇಲೆ ವಾಚ್‌ಮನ್ ಮಹಡಿಯ ಮೇನ್ ಸ್ವಿಚ್ಚನ್ನೇ ಇಳಿಸುತ್ತಾನೆ ಎಂಬುದು ನನಗೆ ಗೊತ್ತಿದ್ದದ್ದೇ. ಇಪ್ಪತ್ತೇಳನೇ ಮನೆಯನ್ನು ಮುಚ್ಚಿದ ಮೇಲೆ ನಾನು ಯಂತ್ರವನ್ನು ಒಮ್ಮೆಯೂ ಆರಿಸಿರಲಿಲ್ಲ, ಮತ್ತೆ ಸೇವ್ ಕೂಡ ಮಾಡಿರಲಿಲ್ಲ. ಕಂಪ್ಯೂಟರಿನ ನೆನಪಿನಲ್ಲಿದ್ದದ್ದು ನನ್ನ ಹಳೆಯ ಜಾಣತನ, ಎಲ್ಲ ತೆರೆದಿಟ್ಟದ್ದು.

ಸೋಮವಾರ ಬೆಳಿಗ್ಗೆ ಮಳೆ. ನನ್ನ ಗಾಡಿ ದಿವಾ ದಾಟಿ ಮುಂಬ್ರಾ ಮುಟ್ಟುವ ಮೊದಲೇ ನಿಂತಿತು. ಹಳಿಯ ಮೇಲೆ ನೀರು. ಲೇಡೀಸ್ ಡಬ್ಬಿಯಲ್ಲಿ ಕೈ ಎತ್ತಲೂ ಜಾಗವಿಲ್ಲ. ಹೇಗೋ ಫೋನು ಕಿವಿಗೆ ಹಿಡಿದೆ. ಒಂಬತ್ತೂ ಮುಕ್ಕಾಲಾಗಿತ್ತು.

‘ಕಾಕಾ, ಗಾಡಿ ನಿಂತೈತ್ರಿ.’

‘ಗೊತ್ತಾಯ್ತು. ನಾನು ಬೇಗ ಹೊರಟಿದ್ದೆ, ಮುಟ್ಟಿದೆ.’

‘ಮೆಶಿನ್ ಮಾತಾಡ್ತದೇನ್ರಿ?’

‘ಇಲ್ಲ’ ಅಂದರು. ‘ಮಾತು ಬಿಟ್ಟಿದೆ.’

ಆ ಕ್ಷಣಕ್ಕೆ ನನಗೆ ಸೇವ್ ಮಾಡದೆ ಬಿಟ್ಟದ್ದು ನೆನಪಾಯಿತು.

‘ತಪ್ಪು ನಂದ್ರಿ ಕಾಕಾ. ಸೇವ್ ಮಾಡೂದು ಮರತೀನಿ. ಸಾಹೇಬ್ರಿಗೆ ಹೇಳಿ ನಾಳೆಗೆ ಇಡಿಸ್ರಿ, ಕೈ ಮುಗಿತೀನಿ.’

‘ನಾಳೆ ಅಂದ್ರೆ ಇವನಿಂದ ಆಗುದಿಲ್ಲ ಅಂತ ಬರ್ಕೊಳ್ತಾರೆ. ಮರೆತದ್ದು ಮಾತ್ರ ಅಲ್ವಾ? ಮನೆ ಎಷ್ಟನೆಯದು ಅಂತ ನನಗೆ ಗೊತ್ತುಂಟು. ನೀನು ಬಾಗಿಲ ಹತ್ರ ನಿಲ್ಬೇಡ. ಒಳಗೆ ಹೋಗಿ ಗಟ್ಟಿ ಹಿಡ್ಕೊ.’

ಫೋನು ಇಟ್ಟರು. ಮುಂದಿನ ಎರಡು ಗಂಟೆ ನಾನು ಆ ಡಬ್ಬಿಯಲ್ಲಿ ಹೇಗೆ ನಿಂತಿದ್ದೆನೋ ನನಗೇ ತಿಳಿಯದು. ಒಬ್ಬರ ಎಂಟು ವರ್ಷದ ಅನ್ನ ನನ್ನ ಮರೆವಿನ ಮೇಲೆ ನಿಂತಿತ್ತು.

ಆಮೇಲಿನದ್ದನ್ನು ನನಗೆ ಹೇಳಿದ್ದು ಆಫೀಸಿನ ಪ್ಯೂನ್. ಹತ್ತಕ್ಕೆ ಸರಿಯಾಗಿ ಸಾಹೇಬರು ಇನ್ನಿಬ್ಬರ ಜೊತೆ ಬಂದರು. ಕಾಕಾ ಮೂಕ ಯಂತ್ರದ ಮುಂದೆ ನೆಟ್ಟಗೆ ಕೂತಿದ್ದರು. ‘ಪಾಂಚ್ ಮಿನಿಟ್, ಸಾಹೇಬ್’ ಎಂದು ಹೇಳಿ ಟೈಪು ಮಾಡತೊಡಗಿದರು. ಪರದೆ ಕಾಣದು, ದನಿ ಇಲ್ಲ; ಬೆರಳು ಮಾತ್ರ. ತುಟಿ ಅಲ್ಲಾಡುತ್ತಿದ್ದದ್ದನ್ನು ನೋಡಿ ಸಾಹೇಬರು ಜಪ ಮಾಡುತ್ತಿದ್ದಾರೆ ಎಂದುಕೊಂಡರಂತೆ. ಮೊದಲ ಸಲ ಎಣಿಕೆ ತಪ್ಪಿತು. ಒತ್ತಿದರು, ಕಾದರು, ಏನೂ ಬರಲಿಲ್ಲ. ಒತ್ತಿದ್ದನ್ನೇ ಮತ್ತೆ ಒತ್ತಿ ಮೊದಲಿನಂತೆ ಮಾಡಿ, ಮಿಕ್ಸರಿನಿಂದ ಹೊರಬಂದು, ಮತ್ತೆ ಒಳಹೊಕ್ಕು ಒಂದನೇ ಮನೆಯಿಂದ ಪುನಃ ಹೊರಟರು. ಸಾಹೇಬರು ಗಡಿಯಾರ ನೋಡಿಕೊಂಡರು. ಎರಡನೇ ಸಲ ಒತ್ತಿದಾಗ ಸ್ಪೀಕರು ಟಕ್ ಎಂದಿತು. ಮುಂದಿನ ಕೀಲಿಗೆ ಯಂತ್ರ ದೊಡ್ಡ ದನಿಯಲ್ಲಿ ಮಾತಾಡಿತು. ಮೂವರೂ ಬೆಚ್ಚಿ ಒಂದು ಹೆಜ್ಜೆ ಹಿಂದೆ ಸರಿದರಂತೆ.

ನಾನು ಮೊಣಕಾಲಿನವರೆಗೆ ಒದ್ದೆಯಾಗಿ ಒಳಗೆ ಹೋದಾಗ ಅವರು ಕೊಲ್ಹಾಪುರದ ಗಿರಾಕಿಯೊಬ್ಬನ ದೂರನ್ನು ದಾಖಲಿಸುತ್ತಿದ್ದರು. ಅದಕ್ಕೂ ಮೊದಲು ಒಂದು ಕಾಗದದ ದೂರನ್ನು ಝೆರಾಕ್ಸ್ ಯಂತ್ರದಲ್ಲಿಟ್ಟು, ನೆಟ್‌ವರ್ಕಿನಲ್ಲಿ ಬಂದ ಅದರ ಪ್ರತಿಯನ್ನು, ಶುಕ್ರವಾರ ನಾನು ಹಾಕಿಕೊಟ್ಟಿದ್ದ ಅಚ್ಚಕ್ಷರ ಗುರುತಿಸುವ ತಂತ್ರಾಂಶದಿಂದ ಓದಿಸಿಯೂ ತೋರಿಸಿದ್ದರು. ದನಿಯನ್ನು ಸ್ವಲ್ಪ ನಿಧಾನ ಮಾಡಿ, ನಮಗೂ ತಿಳಿಯಲಿ ಎಂದು ಸಾಹೇಬರು ಕೇಳಿದರು. ‘ಇಸ್ಸೇ ಧೀರೆ ಬೋಲೇಗಾ ತೋ ಮುಝೇ ನೀಂದ್ ಆಯೇಗೀ, ಸಾಹೇಬ್’ ಅಂದರು ಕಾಕಾ, ಇದಕ್ಕಿಂತ ನಿಧಾನವಾದರೆ ನನಗೆ ನಿದ್ದೆ ಬರುತ್ತದೆ ಎಂದು. ಸಾಹೇಬರು ನಕ್ಕರು. ಆದರೂ ಹೋಗುವಾಗ ‘ದೇಖತೇ ಹೈಂ’, ನೋಡೋಣ, ಎಂದಷ್ಟೇ ಹೇಳಿದರು. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಮಾತು. ತೀರ್ಮಾನ ಹೆಡ್ ಆಫೀಸಿನಿಂದ ಬರಬೇಕಿತ್ತು.

ಯಂತ್ರ ಯಾಕೆ ಮಾತಾಡಲಿಲ್ಲ ಎಂದು ಸಾಹೇಬರು ಕೇಳಿದ್ದರಂತೆ. ‘ಶನಿವಾರ ಕರೆಂಟ್ ಹೋಗಿತ್ತು’ ಎಂದು ಕಾಕಾ ಹೇಳಿದ್ದರು. ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಅದೇ ತಿಂಗಳು ನನ್ನ ಕಾಂಟ್ರಾಕ್ಟು ಮುಗಿಯುವುದಿತ್ತು. ಮುಂದುವರಿಸುವವರು ಅದೇ ಸಾಹೇಬರು. ನಾನು ಕ್ಷಮೆ ಕೇಳಲು ಬಾಯಿ ತೆರೆದೆ.

‘ಅದೆಲ್ಲ ಆಮೇಲೆ’ ಅಂದರು. ‘ಮೊದಲು ಸೇವ್ ಮಾಡು.’

ಮಾಡಿದೆ. ಅವರು ಹೇಗೆಂದು ಕೇಳಿ ಅದನ್ನೂ ರಟ್ಟಿನ ಮೇಲೆ ಚುಚ್ಚಿಕೊಂಡರು.

ಈಗ ನಾನು ಸಾನಪಾಡಾದ ಒಂದು ಆಫೀಸಿನಲ್ಲಿ ಸರ್ವರುಗಳ ಉಸ್ತುವಾರಿ ನೋಡುತ್ತೇನೆ. ಕೈ ಕೆಳಗೆ ಐದಾರು ಜನ ಇದ್ದಾರೆ. ಏನಾದರೂ ಕೆಟ್ಟರೆ ಎಲ್ಲವನ್ನೂ ಒಟ್ಟಿಗೆ ಬದಲಿಸಲು ಹೋಗುವವರನ್ನು ಕೂರಿಸಿ ‘ಒಂದೊಂದೇ’ ಎನ್ನುತ್ತೇನೆ. ಬೆನ್ನ ಹಿಂದೆ ನನಗೆ ಅದೇ ಅಡ್ಡಹೆಸರು ಇಟ್ಟಿದ್ದಾರೆಂದು ಗೊತ್ತು. ನನ್ನ ಸಿಟ್ಟು ಹೋಗಿಲ್ಲ, ಆದರೆ ಬೈಯುವ ಮೊದಲು ಎದುರಿನವರು ಏನು ಹೇಳಲು ಕಾದಿದ್ದಾರೆ ಎಂದು ಕೇಳುವಷ್ಟು ಪುರುಸೊತ್ತು ಬಂದಿದೆ. ಇದನ್ನು ಕಲಿಸಿದವರು ಅವರು. ತಮ್ಮ ನೌಕರಿ ತೂಗುತ್ತಿದ್ದ ದಿನ ನನ್ನ ನೌಕರಿಯನ್ನು ಕಾದವರೂ ಅವರು. ನನ್ನ ತಪ್ಪನ್ನು ಅಷ್ಟು ಸುಲಭವಾಗಿ ಹೊಟ್ಟೆಗೆ ಹಾಕಿಕೊಂಡವರನ್ನು ಆಮೇಲೆ ನಾನು ಕಾಣಲಿಲ್ಲ. ಅವರು ಇದ್ದಾಗ ಇದನ್ನು ಒಂದು ಸಲವೂ ಹೇಳಲಿಲ್ಲವಲ್ಲ ಎಂಬ ಸಂಕಟ ಇದೆ.

ಆ ಸೋಮವಾರ ಕಳೆದು ಹನ್ನೆರಡು ದಿನದ ಮೇಲೆ ಹೆಡ್ ಆಫೀಸಿನ ಲಕೋಟೆ ಬಂತು. ಪ್ಯೂನ್ ಅದನ್ನು ತಂದು ಕಾಕಾನ ಕೈಗಿಟ್ಟ. ಅವನ ಹಿಂದೆಯೇ ಟಪಾಲು ವಿಭಾಗದ ಹಳೆಯ ಗುಮಾಸ್ತರು ಕನ್ನಡಕ ಏರಿಸಿಕೊಂಡು ಬಂದು ಕೈ ಚಾಚಿದರು. ಅದು ರೂಢಿ. ಇಪ್ಪತ್ತಾರು ವರ್ಷ ಕಾಕಾಗೆ ಬಂದ ಕಾಗದಗಳನ್ನೆಲ್ಲ ಓದಿದ್ದು ಅವರೇ. ಊರಿನಿಂದ ಹೆಣ್ಣು ಒಪ್ಪಿದ್ದಾಳೆ ಎಂಬ ಪತ್ರ ಬಂದಾಗಲೂ ಅದು ಮೊದಲು ಕ್ಯಾಂಟೀನಿಗೆ ಗೊತ್ತಾಗಿ, ಅಲ್ಲಿಯ ನಗು ಕೇಳಿದ ಮೇಲೆ ಮದುಮಗನಿಗೆ ಗೊತ್ತಾಗಿತ್ತಂತೆ. ಗುಮಾಸ್ತರದ್ದು ಉಪಕಾರವೇ. ಆದರೆ ಕಾಕಾನ ಬದುಕಿನ ಸುದ್ದಿ ಕಾಕಾಗೆ ಬರುತ್ತಿದ್ದದ್ದು ಯಾವಾಗಲೂ ಕೊನೆಯಲ್ಲಿ.

‘ಥಾಂಬಾ’ ಅಂದರು ಕಾಕಾ. ನಿಲ್ಲಿ ಎಂದು. ಲಕೋಟೆ ಹರಿದು, ಕಾಗದ ಹಿಡಿದು ಎದ್ದರು. ಗೋಡೆ ಸವರುತ್ತಾ ಝೆರಾಕ್ಸ್ ಯಂತ್ರದವರೆಗೆ ನಡೆದರು. ನಾವು ಐದಾರು ಜನ ಹಿಂದೆ. ಮುಚ್ಚಳ ಎತ್ತಿ ನನ್ನನ್ನು ಕರೆದರು.

‘ಅಕ್ಷರ ಯಾವ ಕಡೆ ಉಂಟು? ಅಷ್ಟೇ ಹೇಳು.’

ನಾನು ಕಾಗದವನ್ನು ತಿರುಗಿಸಿಟ್ಟೆ. ಕಣ್ಣು ಬೇಕೆಂದೇ ಕಿಟಕಿಯ ಕಡೆ ಇಟ್ಟುಕೊಂಡೆ. ಕೈಯಲ್ಲಿದ್ದ ಕಾಗದವನ್ನು ಓದದೇ ಇರುವುದು ಎಷ್ಟು ಕಷ್ಟ ಎಂದು ಅವತ್ತು ತಿಳಿಯಿತು.

ಅವರು ತಮ್ಮ ಮೇಜಿಗೆ ಬಂದು ಕೂತರು. ಇಯರ್‌ಫೋನು ಹಾಕಿಕೊಂಡರು. ಕೀಲಿ ಒತ್ತಿದರು. ನಮಗೆ ಒಂದಿಷ್ಟೂ ಕೇಳಿಸಲಿಲ್ಲ. ಮುಖ ನೋಡಿದರೆ ಮುಖದಲ್ಲಿ ಏನೂ ಇಲ್ಲ. ಮುಗಿಯಿತು ಅಂದುಕೊಂಡರೆ ಇನ್ನೊಮ್ಮೆ ಮೊದಲಿನಿಂದ ಕೇಳಿದರು. ಗುಮಾಸ್ತರು ತಾಳಲಾರದೆ ‘ಕಾಯ್ ಝಾಲಂ?’ ಅಂದರು, ಏನಾಯಿತು ಎಂದು. ಕಾಕಾ ಬೆರಳೆತ್ತಿ ತಡೆದರು, ಇಯರ್‌ಫೋನು ತೆಗೆದು ವಯರು ಸುತ್ತಿಟ್ಟರು, ಮೇಜಿನ ಫೋನು ಎಳೆದುಕೊಂಡು ವಿಠ್ಠಲವಾಡಿಯ ಮನೆಗೆ ಹಚ್ಚಿದರು.

ಹೆಂಡತಿಯ ಜೊತೆ ಅವರು ಆಡುತ್ತಿದ್ದದ್ದು ತುಳು. ಅದರಲ್ಲಿ ನನಗೆ ತಿಳಿಯುವುದು ನಾಲ್ಕಾರು ಪದ. ‘ಬೇಲೆ ಉಂಡು’ ಎಂದದ್ದು ತಿಳಿಯಿತು: ಕೆಲಸ ಇದೆ. ಆ ಕಡೆಯಿಂದ ಹೆಂಡತಿ ಅಳುವುದು ನಮಗೂ ಸಣ್ಣಗೆ ಕೇಳಿಸಿತು. ಅವರು ಫೋನು ಕಿವಿಗೆ ಒತ್ತಿ ಹಿಡಿದು, ಅದನ್ನು ಕೇಳುತ್ತಾ ಕೂತರು.

ಆಮೇಲೆ ಫೋನು ಇಟ್ಟು, ಕಾಗದವನ್ನು ನಾವು ನಿಂತಿದ್ದ ಕಡೆಗೆ ಚಾಚಿ ಹೇಳಿದರು:

‘ತಗೊಳ್ಳಿ. ಈಗ ನೀವೂ ಓದಿ.’